ಸೋಮವಾರದ ಉಪವಾಸ

ಮನೆ ಭೇಟಿಗೆ ಹೋದವರು ಆ ಮನೆಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು, ನೀರನ್ನೂ ಕೂಡ. ಕೊಳ್ಳೇಗಾಲದ ಹೊರವಲಯದಲ್ಲಿರುವ ವಸತಿ ಪದವಿಪೂರ್ವ ಕಾಲೇಜಿನ ಆಯ್ಕೆ ಸಮಿತಿಯ ನಿಯಮಗಳಲ್ಲಿ ಪಾಲಿಸಲು ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಕೆಲವು ವರ್ಷಗಳ ಹಿಂದೆ ಒಬ್ಬ ಉಪನ್ಯಾಸಕರು ಒಂದೇ ದಿನ ನಾಲ್ಕು ಮನೆಗೆ ಹೋಗಿ ನಾಲ್ಕರಲ್ಲೂ ಊಟ ಮಾಡಿ ಬಂದಿದ್ದರು. ಪಟ್ಟಿ ಹೊರಬಿದ್ದಾಗ, ನಾಟಿ ಕೋಳಿ ಸಾರು ಮಾಡಿದ ಮನೆಯ ಹುಡುಗನಿಗೆ ಸೀಟು ಸಿಕ್ಕಿತು, ಉಪ್ಪಿಟ್ಟು ಮಾಡಿದ ಮನೆಯವನಿಗೆ ಸಿಗಲಿಲ್ಲ ಎಂಬ ಮಾತು ಹನೂರಿನಿಂದ ಯಳಂದೂರಿನವರೆಗೆ ಹರಡಿತು. ಅಂಕಗಳ ಲೆಕ್ಕದಲ್ಲಿ ಆ ಹುಡುಗನೇ ಮುಂದಿದ್ದ. ಆದರೆ ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಮರುವರ್ಷದಿಂದ ನೀರೂ ನಿಂತಿತು.

ಕಾಲೇಜನ್ನು ನಡೆಸುವುದು ಒಂದು ಟ್ರಸ್ಟು. ಇರುವುದು ವಿಜ್ಞಾನ ವಿಭಾಗ ಮಾತ್ರ. ಪಾಠ, ಊಟ, ಹಾಸ್ಟೆಲು ಎಲ್ಲವೂ ಉಚಿತ. ಹುಡುಗಿಯರಿಗೆ ನಲವತ್ತು ಸೀಟು, ಹುಡುಗರಿಗೆ ನಲವತ್ತು. ಬರುವ ಅರ್ಜಿ ಅದರ ಹತ್ತು ಪಟ್ಟು. ಎಸ್ಸೆಸ್ಸೆಲ್ಸಿ ಅಂಕಕ್ಕೆ ಕಾಲೇಜೇ ನಡೆಸುವ ಪರೀಕ್ಷೆಯ ಅಂಕ ಸೇರಿಸಿ ಮೊದಲು ಒಂದು ಸುತ್ತು ಸೋಸುತ್ತಾರೆ. ಆಮೇಲೆ ಉಳಿದವರ ಮನೆಗೆ ಹೋಗಿ ನೋಡುತ್ತಾರೆ. ಮಗು ಎಲ್ಲಿ ಕೂತು ಓದುತ್ತದೆ, ತಾಯಿ ಕೂಲಿಗೆ ಹೋದ ದಿನ ಒಲೆ ಯಾರು ಹಚ್ಚುತ್ತಾರೆ, ಸೀಟು ಕೊಟ್ಟರೆ ಹುಡುಗಿಯನ್ನು ಎರಡು ವರ್ಷ ಬಿಟ್ಟಿರುತ್ತಾರೋ ಅಥವಾ ನಡುವೆ ಗಂಡು ಗೊತ್ತು ಮಾಡಿ ಕರೆದೊಯ್ಯುತ್ತಾರೋ ಎನ್ನುವುದು ಯಾವ ಪ್ರಮಾಣಪತ್ರದಲ್ಲೂ ಇರುವುದಿಲ್ಲ. ಇದಕ್ಕೂ ಅಂಕ ಉಂಟು. ಕೊನೆಯ ಹತ್ತು ಸೀಟುಗಳ ಹಣೆಬರಹ ಸಾಮಾನ್ಯವಾಗಿ ಈ ಅಂಕದ ಮೇಲೆಯೇ ನಿಲ್ಲುತ್ತದೆ.

ಭೇಟಿಗೆ ಇಬ್ಬರು ಹೋಗಬೇಕು, ಒಬ್ಬ ಗಂಡಸು, ಒಬ್ಬ ಹೆಂಗಸು. ಹೆಂಗಸು ಒಳಗೆ ಕೂತು ತಾಯಿ ಮಗಳ ಜೊತೆ ಮಾತಾಡುವುದು, ಗಂಡಸು ಹೊರಗೆ ತಂದೆಯ ಜೊತೆ, ಅಕ್ಕಪಕ್ಕದವರ ಜೊತೆ. ಈ ವರ್ಷ ಹನೂರು ದಿಕ್ಕಿಗೆ ಬಿದ್ದವರು ಜೀವಶಾಸ್ತ್ರದ ಶಿವರಂಜನಿ ಮತ್ತು ಗಣಿತದ ರಂಗರಾಜು. ರಂಗರಾಜು ಹನೂರಿನವನೇ. ಶಿವರಂಜನಿ ಯಳಂದೂರು ತಾಲ್ಲೂಕಿನ ಹೊನ್ನೂರಿನ ಮಗಳು. ಹಣೆಗೆ ತೆಳುವಾಗಿ ವಿಭೂತಿ ಇಟ್ಟುಕೊಳ್ಳುವುದನ್ನು ಬಿಟ್ಟವಳಲ್ಲ.

ಮೊದಲ ದಿನವೇ ಮುಳ್ಳೂರಿನಲ್ಲಿ ಅವಳಿಗೆ ನಿಯಮದ ಬಿಸಿ ತಟ್ಟಿತು. ತೆಂಗಿನ ತೋಟದ ಪುಟ್ಟಬಸಪ್ಪ ತನ್ನ ಮೊಮ್ಮಗನ ಅರ್ಜಿಯ ವಿಚಾರಕ್ಕೆ ಬಂದವಳು ತಮ್ಮ ಪೈಕಿಯವಳೇ ಎಂದು ಗೊತ್ತಾಗುತ್ತಲೇ ಎಳನೀರು ಕೆತ್ತಿ ತಂದು ಕೈಗಿಟ್ಟ. ಶಿವರಂಜನಿ ಇದ್ದದ್ದನ್ನು ಇದ್ದಂತೆ ಹೇಳಿದಳು, ಕಾಲೇಜಿನ ನಿಯಮ, ಕುಡಿಯುವ ಹಾಗಿಲ್ಲ ಎಂದು. ಅವನ ಮುಖ ಕೆಂಪಾಯಿತು.

"ಏನವ್ವ, ಎಳನೀರಲ್ಲಿ ಲಂಚ ಬಚ್ಚಿಟ್ಟು ಕೊಡ್ತಿದೀನಾ ನಾನು? ಮನೆಗ್ ಬಂದೋರ್ಗೆ ನೀರು ಕೊಡೋದೂ ತಪ್ಪಾಯ್ತಾ?"

ಆ ಮಾತು ಅವಳಿಗೆ ಚುಚ್ಚಿತು. ನಿಯಮ ಎಂದರೆ ಮನೆಯವರ ಮೇಲೆ ಗುಮಾನಿ ಇದೆ ಎಂದೇ ಅರ್ಥವಾಗುತ್ತದಲ್ಲ, ಬೇರೆ ಯಾವುದಾದರೂ ಮೆತ್ತನೆಯ ದಾರಿ ಬೇಕು ಎಂದುಕೊಂಡಳು.

ಸೋಮವಾರ ಕಲ್ಲುಮಾಳಕ್ಕೆ ಹೋದದ್ದು. ಕೌದಳ್ಳಿಯಿಂದ ಒಳಕ್ಕೆ, ಕಾಡಿನ ಅಂಚಿನ ಸಣ್ಣ ಊರು. ಮಾದೇಶನಿಗೆ ಎರಡು ಎಕರೆ ರಾಗಿ ಹೊಲ. ಉಳಿದಂತೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರಿಗೆ ರಸ್ತೆ ಬದಿಯಲ್ಲಿ ಎಳನೀರು ಮಾರುತ್ತಾನೆ. ರೂಪ ಅವನ ದೊಡ್ಡ ಮಗಳು. ಎಸ್ಸೆಸ್ಸೆಲ್ಸಿಯಲ್ಲಿ ಆರುನೂರ ಇಪ್ಪತ್ತೈದಕ್ಕೆ ಐನೂರ ಎಪ್ಪತ್ತೊಂದು. ಕಾಲೇಜಿನ ಪರೀಕ್ಷೆಯಲ್ಲಿ ಇನ್ನೂ ಚೆನ್ನಾಗಿ ಮಾಡಿದ್ದಳು.

ರಂಗರಾಜು ಜಗುಲಿಯ ಮೇಲೆ ಮಾದೇಶನ ಜೊತೆ ಕೂತ. ಒಳಗೆ ಮಾದೇಶನ ತಾಯಿ ಸೋಮಮ್ಮ ಕಾಲು ಚಾಚಿಕೊಂಡು ಅವರೆ ಬಿಡಿಸುತ್ತಿದ್ದಳು.

"ಯಾವೂರವ್ವ ನಿಂದು?"

"ಹೊನ್ನೂರು ಅಜ್ಜಿ, ಯಳಂದೂರು ಹತ್ರ."

"ಓ, ಗದ್ದ ಸೀಮೆಯವಳು. ಇಬೂತಿ ನೋಡುದ್ರೇ ಗೊತ್ತಾಯ್ತದ ಬುಡು, ಯಾರ ಪೈಕಿ ಅಂತ."

ರೂಪ ಮಾತಿನಲ್ಲಿ ಹಿಂಜರಿಯುವವಳಲ್ಲ. ಸಂಖ್ಯಾಶಾಸ್ತ್ರದ ಪಾಠ ಬಂದಾಗ ಅಪ್ಪನ ಅಂಗಡಿಯ ಮುಂದೆ ಹೋಗುವ ಭಕ್ತರನ್ನೇ ಒಂದು ತಿಂಗಳು ಎಣಿಸಿದ್ದಳಂತೆ. ಎಳನೀರು ಮಾರುವವರೆಲ್ಲ ಅಮಾವಾಸ್ಯೆಯ ದಿನ ಹೆಚ್ಚು ಮಾಲು ಹಾಕುತ್ತಾರೆ, ಆದರೆ ನಡೆದು ಬರುವವರು ಬಾಯಾರಿ ಕುಡಿಯುವುದು ಅದರ ಹಿಂದಿನ ದಿನ ಎಂದು ಲೆಕ್ಕ ತೆಗೆದಳು. "ಈಗ ಅಪ್ಪ ಒಂದು ದಿನ ಮುಂಚೇನೆ ಕಾಯಿ ಇಳಿಸ್ತಾರೆ ಮಿಸ್," ಎಂದಳು. ಶಿವರಂಜನಿಗೆ ಆ ಹುಡುಗಿ ಅಲ್ಲೇ ಇಷ್ಟವಾಗಿಬಿಟ್ಟಳು. ಇಷ್ಟವಾಗುವುದಕ್ಕೆ ಅಂಕವಿಲ್ಲ ಎಂಬುದನ್ನೂ ನೆನೆದುಕೊಂಡಳು.

ಅಷ್ಟರಲ್ಲಿ ರೂಪಳ ತಾಯಿ ಯಶೋದ ಸ್ಟೀಲು ಲೋಟದಲ್ಲಿ ಮಜ್ಜಿಗೆ ತಂದಳು. ಮೇಲೆ ಕೊತ್ತಂಬರಿ ಸೊಪ್ಪು ತೇಲುತ್ತಿತ್ತು. "ಬಿಸ್ಲಲ್ಲಿ ಬಂದಿದೀರಿ, ಕುಡೀರಿ ಮಿಸ್ಸು."

ಮುಳ್ಳೂರಿನ ಕೆಂಪು ಮುಖ ಕಣ್ಣಮುಂದೆ ಬಂತು. "ಬೇಡ ಯಶೋದಮ್ಮ, ಬೇಜಾರು ಮಾಡ್ಕೋಬೇಡಿ. ಇವತ್ತು ಸೋಮವಾರ ಅಲ್ವಾ, ನಾನು ಉಪವಾಸ," ಎಂದಳು ಶಿವರಂಜನಿ.

ಮನೆಯ ಗಾಳಿಯೇ ಬದಲಾಯಿತು. ಸೋಮಮ್ಮ ಚಾಚಿದ ಕಾಲು ಮಡಿಸಿಕೊಂಡಳು. "ಓ, ಮಲೆ ಮಾದಪ್ಪನ ವಾರ. ನೀರೂ ಮುಟ್ಟಲ್ವಾ?"

"ನೀರೂ ಇಲ್ಲ ಅಜ್ಜಿ."

"ಗಟ್ಟಿಗಿತ್ತಿ ಕಣವ್ವ ನೀನು. ಒಳಕ್ ತಕಂಡೋಗು ಯಶೋದ. ಉಪಾಸ ಇರೋರ ಮುಂದ ಲೋಟ ಹಿಡ್ಕಂಡು ನಿಂತ್ಕಬಾರ್ದು."

ಇದಕ್ಕಿಂತ ಮೆತ್ತಗೆ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ ಎಂದು ಶಿವರಂಜನಿ ಸಮಾಧಾನಪಟ್ಟುಕೊಂಡಳು. ಅರ್ಧ ಗಂಟೆಯಲ್ಲಿ ಜೀಪು ಕೌದಳ್ಳಿಗೆ ಬಂತು. ರಂಗರಾಜು ತನಗೆ ಗೊತ್ತಿದ್ದ ಹೋಟೆಲಿನ ಮುಂದೆ ನಿಲ್ಲಿಸಿದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಇಬ್ಬರೂ ಎರಡೆರಡು ಪರೋಟ ತಿಂದು ಟೀ ಕುಡಿದರು. ಪರೋಟ ತಟ್ಟುತ್ತಿದ್ದ ಮಾರಯ್ಯ ರಂಗರಾಜುವಿನ ಹತ್ತಿರ ಎಲ್ಲಿಗೆ ಹೋಗಿದ್ದಿರಿ, ಏನು ಎತ್ತ ಎಂದು ವಿಚಾರಿಸಿಕೊಂಡ. ಅವನು ಯಶೋದಳ ತಮ್ಮ ಎಂಬುದು ಇವರಿಗೆ ಗೊತ್ತಿರಲಿಲ್ಲ.

ಆಯ್ಕೆ ಸಭೆ ಪ್ರಾಂಶುಪಾಲ ವೃಷಭೇಂದ್ರಪ್ಪನವರ ಕೊಠಡಿಯಲ್ಲಿ ನಡೆಯಿತು. ಅಲ್ಲಿ ಇನ್ನೊಂದು ಪದ್ಧತಿ. ತಮ್ಮ ನೆಂಟರ ಅರ್ಜಿ ಚರ್ಚೆಗೆ ಬಂದರೆ ಆ ಸದಸ್ಯರು ಎದ್ದು ಕಾರಿಡಾರಿಗೆ ಹೋಗಿ ನಿಲ್ಲಬೇಕು. ಹನೂರು, ಕೊಳ್ಳೇಗಾಲ, ಯಳಂದೂರು ಮೂರು ತಾಲ್ಲೂಕಿನಲ್ಲಿ ಹುಡುಕಿದರೆ ಎಲ್ಲರೂ ಎಲ್ಲರಿಗೂ ಏನಾದರೂ ಆಗುತ್ತಾರೆ. ಹಾಗಾಗಿ ಸಮಿತಿಯ ಒಬ್ಬಿಬ್ಬರು ಯಾವಾಗಲೂ ಕಾರಿಡಾರಿನಲ್ಲೇ ಇರುತ್ತಿದ್ದರು. ರಂಗರಾಜು ಎರಡು ಸಲ ಹೊರಗೆ ಹೋಗಿ ಬಂದು, "ಮುಂದಿನ್ ವರ್ಷ ಅಲ್ಲೇ ಒಂದು ಕುರ್ಚಿ ಹಾಕ್ಸಿ ಸಾರ್," ಎಂದ.

ಹುಡುಗಿಯರ ಮೂವತ್ತೊಂಬತ್ತು ಸೀಟು ಮುಗಿದು ಒಂದು ಉಳಿಯಿತು. ಅದಕ್ಕೆ ಇಬ್ಬರು ಬಹುತೇಕ ಸಮ ಸಮ. ಒಬ್ಬಳು ರೂಪ. ಇನ್ನೊಬ್ಬಳು ಹೊನ್ನೂರಿನ ಶಾಂತಮೂರ್ತಿಯ ಮಗಳು. ಶಾಂತಮೂರ್ತಿ ಶಿವರಂಜನಿಗೆ ಸೋದರತ್ತೆಯ ಮಗ. ಶಿವರಂಜನಿ ರೂಪಳ ಮನೆಯ ವರದಿ ಓದಿ ಎದ್ದು ಹೊರಗೆ ಹೋದಳು.

ಹೊರಗಿದ್ದರೂ ಒಳಗೆ ಏನು ನಡೆಯುತ್ತಿದೆಯೆಂದು ಅವಳು ಊಹಿಸಬಲ್ಲವಳಾಗಿದ್ದಳು. ಕಾಡಂಚಿನ ಊರಿನ ಹುಡುಗಿಯರು ಹಬ್ಬಕ್ಕೆ ಹೋದವರು ವಾಪಸು ಬರುವುದಿಲ್ಲ ಎಂಬುದು ಪ್ರಾಂಶುಪಾಲರ ಹಳೆಯ ಕೊರಗು. ಹಿಂದಿನ ವರ್ಷ ಮೂವರು ಹಾಗೆ ಹೋದರು. ನಡುವೆ ಖಾಲಿಯಾದ ಸೀಟನ್ನು ತುಂಬುವ ಹಾಗಿಲ್ಲ, ಇನ್ನೊಂದು ಮಗುವಿಗೆ ಸಿಗಬಹುದಾಗಿದ್ದ ಎರಡು ವರ್ಷ ಯಾರಿಗೂ ಇಲ್ಲದಂತಾಗುತ್ತದೆ. ಶಾಂತಮೂರ್ತಿಯ ಮಗಳು ನಡುವೆ ಬಿಟ್ಟುಹೋಗುವವಳಲ್ಲ, ಅಂಕವೂ ಸ್ವಲ್ಪ ಹೆಚ್ಚು. ಆದರೆ ಇಲ್ಲಿ ಸಿಗದಿದ್ದರೆ ಅವಳು ಹೊನ್ನೂರಿನಿಂದ ಬಸ್ಸು ಹಿಡಿದು ಬೇರೆ ಕಾಲೇಜಿನಲ್ಲಿ ವಿಜ್ಞಾನವನ್ನೇ ಓದಬಹುದು. ರೂಪಳಿಗೆ ಆ ಅನುಕೂಲವಿಲ್ಲ. ವಿಜ್ಞಾನ ಓದಬೇಕೆಂದರೆ ದಿನಾ ಎಷ್ಟು ದೂರ ಹೋಗಿ ಬರಬೇಕು ಎಂಬುದನ್ನು ಅವಳ ಮನೆಯಲ್ಲಿ ಆಗಲೇ ಲೆಕ್ಕ ಹಾಕಿ ಬೇಡ ಎಂದಿದ್ದರು. ಬಹಳ ಹೊತ್ತಿನ ಮೇಲೆ ಶಿವರಂಜನಿಯನ್ನು ಒಳಗೆ ಕರೆದರು. ನಲವತ್ತನೆಯವಳು ರೂಪ. ಕಾಯುವ ಪಟ್ಟಿಯಲ್ಲಿ ಮೊದಲನೆಯವಳು ಶಾಂತಮೂರ್ತಿಯ ಮಗಳು.

ದಾಖಲಾತಿಗೆ ಮೂರು ದಿನ. ಮೊದಲ ದಿನ ರೂಪ ಬರಲಿಲ್ಲ. ಆಫೀಸಿನವರು ಫೋನು ಮಾಡಿದರೆ ಮಾದೇಶ "ನಮ್ಗ ಆಗಲ್ಲ ಸಾ, ದೂರ" ಎಂದು ಇಟ್ಟುಬಿಟ್ಟ. ಎರಡನೆಯ ದಿನ ಬೆಳಿಗ್ಗೆಯೂ ಅದೇ ಉತ್ತರ. ರಂಗರಾಜುವಿಗೆ ಸೋಜಿಗವಾಯಿತು, ಜಗುಲಿಯ ಮೇಲೆ ಕೂತು ಅಷ್ಟು ಆಸೆಯಿಂದ ಮಾತಾಡಿದವನು ಇವನೇನಾ ಎಂದು ಮಾರಯ್ಯನಿಗೆ ಫೋನು ಹಚ್ಚಿದ. ಆಮೇಲೆ ಪ್ರಯೋಗಾಲಯಕ್ಕೆ ಬಂದ.

"ಮೇಡಂ, ಅವತ್ತು ನೀವು ಅವರ ಮನೇಲಿ ಉಪವಾಸ ಅಂದಿದ್ರಾ?"

"ಹೂಂ, ಯಾಕೆ?"

"ನನಗೊಂದು ಮಾತು ಹೇಳಬಾರದಿತ್ತಾ? ಪರೋಟ ತಿನ್ನೋಕೆ ಮುಂಚೆ?"

ಮಾರಯ್ಯ ಅಂದು ಸಂಜೆಯೇ ಅಕ್ಕನ ಮನೆಗೆ ಹೋಗಿದ್ದನಂತೆ. ಸಂತೋಷದ ಸುದ್ದಿಯೆಂದೇ ಹೇಳಿದ್ದು: ನಿಮ್ಮ ಮಿಸ್ಸು ಒಳ್ಳೆಯವರು, ಜಂಬ ಇಲ್ಲ, ನನ್ನ ಕೈಯ ಪರೋಟ ಎರಡು ತಿಂದರು, ಚೆನ್ನಾಗಿದೆ ಅಂದರು. ಆಮೇಲೆ ಸೋಮಮ್ಮ, "ಹೋಟ್ಲು ಪರೋಟ ಆಯ್ತದ, ನಮ್ ಮಜ್ಜಿಗ ಆಗಲ್ಲ," ಎಂದಳಂತೆ. ಪಟ್ಟಿಯಲ್ಲಿ ಹೆಸರು ಬಂದಾಗ ಹುಡುಗಿ ಕುಣಿದಳು. ಮಾದೇಶ ಮಾತ್ರ ಬೇಡವೆಂದರೆ ಬೇಡವೆಂದ.

ಶಿವರಂಜನಿ ಕೈಲಿದ್ದ ಸ್ಲೈಡುಗಳನ್ನು ಕೆಳಗಿಟ್ಟಳು.

"ಬಿಡಿ ಮೇಡಂ," ಎಂದ ರಂಗರಾಜು. "ಎರಡು ಸಲ ಫೋನ್ ಮಾಡಾಯ್ತು. ರೂಲ್ಸ್ ಪ್ರಕಾರ ಅಷ್ಟೇ. ನಾಳೆ ಸಂಜೆ ಆದ್ಮೇಲೆ ನಿಮ್ಮ ಅತ್ತೆ ಮೊಮ್ಮಗಳಿಗೇ ಸೀಟು. ನೀವೇನೂ ಮಾಡಿದ್ದಲ್ಲವಲ್ಲ."

ಅವನು ಸಮಾಧಾನಕ್ಕೆ ಹೇಳಿದ್ದು. ಆದರೆ ಅವಳಿಗೆ ಅದು ಸಮಾಧಾನವಾಗಲಿಲ್ಲ. ಅವಳು ಈಗ ಸುಮ್ಮನೆ ಕೂತುಬಿಟ್ಟಿದ್ದರೆ ಒಂದು ನಿಯಮವೂ ಮುರಿಯುತ್ತಿರಲಿಲ್ಲ. ಅವಳ ಸುಳ್ಳಿನಿಂದ ಒಬ್ಬಳ ಸೀಟು ಹೋಗಿ, ಅದು ಅವಳ ನೆಂಟರ ಮಗುವಿಗೇ ಬಂದು, ಎಲ್ಲವೂ ಕಾಗದದ ಮೇಲೆ ಸರಿಯಾಗಿಯೇ ಇರುತ್ತಿತ್ತು.

ಅವಳು ನೇರ ಪ್ರಾಂಶುಪಾಲರ ಕೊಠಡಿಗೆ ಹೋಗಿ ನಡೆದದ್ದನ್ನು ಹೇಳಿದಳು. ಭೇಟಿಗೆ ಹೋದವರು ಆಮೇಲೆ ಆ ಕುಟುಂಬವನ್ನು ಸಂಪರ್ಕಿಸುವ ಹಾಗಿಲ್ಲ ಎಂಬುದೂ ಒಂದು ನಿಯಮ. "ಆದ್ರೂ ಒಂದ್ಸಲ ಹೋಗಿ ಬರಬಹುದಾ ಸರ್?"

ವೃಷಭೇಂದ್ರಪ್ಪನವರು ಕನ್ನಡಕ ತೆಗೆದು ಒರೆಸಿದರು. "ಕೇಳಬೇಡಿ ಶಿವರಂಜನಿ. ಕೇಳಿದ್ರೆ ಬೇಡ ಅನ್ನಬೇಕಾಗುತ್ತೆ. ಕೇಳದೆ ಹೋದ್ರೆ ಆಮೇಲೆ ಕ್ರಮ ತಗೋಬೇಕಾಗುತ್ತೆ. ಎರಡೂ ನನ್ನ ಕೆಲಸವೇ."

ಮಧ್ಯಾಹ್ನ ರಜೆ ಹಾಕಿ ಬೆಟ್ಟದ ಬಸ್ಸು ಹತ್ತಿದಳು. ಕೌದಳ್ಳಿ ದಾಟಿ ಸ್ವಲ್ಪ ದೂರದಲ್ಲಿ ಮಾದೇಶನ ಎಳನೀರಿನ ಜಾಗ. ನಾಲ್ಕು ಗೂಟ, ಮೇಲೊಂದು ನೀಲಿ ಟಾರ್ಪಾಲು. ಬರಿಗಾಲಿನಲ್ಲಿ ನಡೆದು ಬಂದ ಇಬ್ಬರು ಭಕ್ತರು ನೆರಳಿಗೆ ಕೂತಿದ್ದರು. ಸೋಮಮ್ಮ ಹಿಂದೆ ಚಾಪೆಯ ಮೇಲೆ. ರೂಪ ಸ್ಟ್ರಾಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಮಾದೇಶ ಶಿವರಂಜನಿಯನ್ನು ಕಂಡೂ ಮಚ್ಚು ನಿಲ್ಲಿಸಲಿಲ್ಲ.

"ಫೋನಲ್ಲೇ ಏಳಿದೀನಲ್ಲ ಮೇಡಂ. ನಮ್ಗ ಬ್ಯಾಡ."

"ಯಾರ್ಲಾ ಅದು?" ಎಂದು ಸೋಮಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ಓಹೋ, ಉಪಾಸದವ್ವ! ಬಾ ಬಾ. ಇವತ್ತು ಯಾವ ವಾರ? ಇವತ್ತೂ ಉಪಾಸವಾ?"

ಭಕ್ತರಲ್ಲೊಬ್ಬ ಕುಡಿಯುವುದನ್ನು ಬಿಟ್ಟು ನೋಡಿದ.

"ಅವತ್ತು ನಾನು ಸುಳ್ಳು ಹೇಳಿದೆ ಅಜ್ಜಿ. ಉಪವಾಸ ಇರಲಿಲ್ಲ," ಎಂದಳು ಶಿವರಂಜನಿ.

"ಅದು ನೀನೇ ಬಂದು ಏಳ್ಬೇಕಾ? ಪರೋಟ ತಟ್ಟಿದೋನು ನಮ್ ಮಾರಯ್ಯ! ಕೋಳಿ ಕುರಿ ತಿನ್ನೋರ ಅಟ್ಟಿ, ಬ್ಯಾಡ ಅಂತ ನೇರವಾಗಿ ಅಂದಿದ್ರ ನಾನು ಬೇಜಾರ್ ಮಾಡ್ಕತಿರ್ನಿಲ್ಲ ಕಣವ್ವ. ಅಂಗ ಅಂದೋರ್ನ ನಾನು ಬೇಕಾದಷ್ಟ್ ಜನ ನೋಡಿವ್ನಿ. ನೀನು ಓದಿದೋಳು, ನಮ್ ಮಾದಪ್ಪನ್ನ ಅಡ್ಡ ಇಟ್ಕಂಡು ಅಂದೆ. ನಾನು ಕಾಲು ಮಡಿಸ್ಕಂಡು ಕೂತ್ಕಂಡೆ ನಿನ್ ಮುಂದ!"

"ಕೋಳಿ ಕುರಿ ಅಂತ ಅಲ್ಲ ಅಜ್ಜಿ. ಯಾರ ಮನೇಲೂ ಏನೂ ಕುಡೀಬಾರದು ಅಂತ ಕಾಲೇಜಿನ ನಿಯಮ. ನಿಯಮ ಅಂದ್ರೆ ನಿಮಗೆ ನೋವಾಗುತ್ತೆ ಅಂತ ಹಾಗಂದೆ."

"ಈಗ ನೋವಾಗ್ನಿಲ್ವಾ?" ಎಂದ ಮಾದೇಶ. ಮಚ್ಚನ್ನು ಮೊದಲ ಸಲ ಕೆಳಗಿಟ್ಟ. "ನೋಡಿ ಮೇಡಂ, ನನ್ಗ ಮಜ್ಜಿಗ ಲೆಕ್ಕ ಅಲ್ಲ. ನಮ್ಮಟ್ಟೀಲಿ ನೀರೂ ಮುಟ್ಟದೇ ಇರೋರು ನಡ್ಸೋ ಆಸ್ಟ್ಲಲ್ಲಿ ನನ್ ಕೂಸು ಎರಡ್ ವರ್ಷ ಇರ್ಬೇಕು. ಅಲ್ಲಿ ತಟ್ಟ ಬೇರೆ ಮಾಡ್ತಾರಾ, ದೂರ ಕೂರ್ಸ್ತಾರಾ, ನಾನ್ ಬಂದು ದಿನಾ ನೋಡಕ್ಕಾದ್ದಾ? ಅದು ಬಂದು ಏಳೋ ಕೂಸಲ್ಲ. ನುಂಗ್ಕತದ."

"ಅಂಥದ್ದು ಅಲ್ಲಿ ಏನೂ ಇಲ್ಲ."

"ನೀವು ಉಪಾಸ ಅಂದ್ರಿ, ನಂಬುದ್ವಿ."

ಬೇರೆ ಮನೆಗಳಲ್ಲೂ ಏನೂ ಕುಡಿಯಲಿಲ್ಲ ಎಂದಳು ಶಿವರಂಜನಿ.

"ಯಾರಟ್ಟೀಲಿ?"

"ಹೆಸರು ಹೇಳೋ ಹಾಗಿಲ್ಲ."

"ಅದೂ ರೂಲ್ಸಾ?"

"ಅದೂ ರೂಲ್ಸೇ."

ಭಕ್ತ ಕಿಸಕ್ಕನೆ ನಕ್ಕ. ಮಾದೇಶ ನಗಲಿಲ್ಲ. ಕಾಯಿಯ ರಾಶಿಯನ್ನೇ ನೋಡುತ್ತ ಒಂದು ಗಳಿಗೆ ಯೋಚಿಸಿದ. ಆ ಕಾಯಿಗಳು ಬಂದದ್ದು ಮುಳ್ಳೂರಿನ ಪುಟ್ಟಬಸಪ್ಪನ ತೋಟದಿಂದ. ಹಿಂದಿನ ವಾರ ಮಾಲು ಇಳಿಸುವಾಗ ಆತ ಕಾಲೇಜಿನವರನ್ನು ಬೈದಿದ್ದು ಮಾದೇಶನಿಗೆ ಅರ್ಧಂಬರ್ಧ ನೆನಪಿತ್ತು. ಮೊಬೈಲು ತೆಗೆದು ನಂಬರು ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದ.

"ಸಾವ್ಕಾರ್ರೇ, ಮಾದೇಶ ಕಣ್ರಿ."

"ಏನ್ಲಾ, ಕಾಯಿ ಖಾಲಿಯಾದ್ವಾ? ನಾಳೆ ಆಗಲ್ಲ ಕಣ್ಲಾ, ಮರ ಹತ್ತೋನಿಲ್ಲ."

"ಕಾಯಿ ಇರ್ಲಿ. ನಿಮ್ಮಟ್ಟಿಗ ಕಾಲೇಜಿಂದ ಒಬ್ರು ಮೇಡಂ ಬಂದಿದ್ರಲ್ಲ, ಇಬೂತಿ ಇಟ್ಕಂಡೋರು. ಏನಾರ ಕುಡುದ್ರಾ?"

"ಆ ಮಾತೆತ್ತಬ್ಯಾಡ ನನ್ ಮುಂದೆ!" ಫೋನು ನಡುಗುವಂತೆ ಕೂಗಿದ ಪುಟ್ಟಬಸಪ್ಪ. "ನಾನೇ ಆರಿಸಿ ಎಳನೀರು ಕೆತ್ತಿ ಕೈಲಿಟ್ಟೆ ಕಣ್ಲಾ. ಒಂದ್ ತೊಟ್ಟು ಕುಡೀನಿಲ್ಲ. ರೂಲ್ಸಂತೆ! ನಮ್ಮೋಳೇ, ಒನ್ನೂರವಳು. ನಮ್ಮೋಳಾಗಿ ನಮ್ಮನೆ ನೀರು ಮುಟ್ನಿಲ್ಲ ಅಂದ್ರೆ ಎಷ್ಟು ಕೊಬ್ಬಿರ್ಬೇಕು? ಕುಡುದ್ರೆ ಎಲ್ಲಿ ನಮ್ ಉಡ್ಗನ್ಗೆ ಸೀಟ್ ಕೊಡ್ಬೇಕಾಯ್ತದೋ ಅಂತ ಭಯ ಅವಳ್ಗೆ. ಕೊಡ್ನಿಲ್ಲ ನೋಡು! ನಾಳೆ ಸಿಕ್ಲಿ ನನ್ಗೆ..."

ಮಾದೇಶ ಅವಸರದಿಂದ ಫೋನು ಆರಿಸಿದ. ಸೋಮಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಅಯ್ಯೋ, ಅವ್ನೂ ಬೈತಾವ್ನ, ನಾನೂ ಬೈತಿವ್ನಿ! ಮೂರ್ ತಾಲೋಕ್ಲೂ ಬೈಸ್ಕಂಡು ಬಂದಿದೀಯಲ್ಲವ್ವ ನೀನು. ಇದ್ಕ ಸಂಬಳ ಬೇರೆ ಕೊಡ್ತಾರಾ?" ಎಂದಳು.

ಮಾದೇಶನ ಮುಖ ಮಾತ್ರ ಇನ್ನೂ ಬಿಗಿದುಕೊಂಡೇ ಇತ್ತು. ಆಗ ರೂಪ ಡಬ್ಬ ಬದಿಗಿಟ್ಟು ಎದ್ದು ಬಂದಳು.

"ಮಿಸ್, ಸೀಟು ಇನ್ನೂ ಐತಾ?"

"ನಾಳೆ ಸಂಜೆವರೆಗೂ ನಿನ್ನದೇ."

"ನಾನು ಬರಲಿಲ್ಲ ಅಂದ್ರೆ ಯಾರಿಗೆ ಹೋಗುತ್ತೆ?"

ಇದನ್ನೂ ಹೇಳುವ ಹಾಗಿರಲಿಲ್ಲ. ಶಿವರಂಜನಿ ಹುಡುಗಿಯ ಮುಖ ನೋಡಿದಳು, ಆಮೇಲೆ ಅವಳ ಅಪ್ಪನ ಮುಖ. "ನನ್ನ ಸೋದರತ್ತೆ ಮೊಮ್ಮಗಳಿಗೆ," ಎಂದಳು.

ರಸ್ತೆಯಲ್ಲಿ ಒಂದು ಬಸ್ಸು ಹಾರ್ನು ಹೊಡೆಯುತ್ತ ಬೆಟ್ಟದ ಕಡೆ ಹೋಯಿತು.

"ನಿಮ್ ನೆಂಟ್ರ ಕೂಸಿಗ ಬರೋ ಸೀಟಾ ಇದು?" ಎಂದ ಮಾದೇಶ. "ಅಂಗಿದ್ದೂ ನಮ್ಮನ್ನ ಕರ್ಯಕ್ಕ ಬಂದ್ರಾ?"

"ಸೀಟು ಬಂದಿರೋದು ನಿಮ್ಮ ಮಗಳಿಗೆ. ನನ್ನ ಬಾಯಿಂದ ಹೋಗಬಾರದು, ಅಷ್ಟೇ."

ಮಾದೇಶ ಮಚ್ಚು ಎತ್ತಿಕೊಂಡು ಇನ್ನೊಂದು ಕಾಯಿ ಕೆತ್ತತೊಡಗಿದ. ಕೊಳ್ಳೇಗಾಲದ ಬಸ್ಸು ಬಂದಾಗ ಶಿವರಂಜನಿ ಹತ್ತಿದಳು. ಬರುತ್ತಾರೋ ಇಲ್ಲವೋ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಾದೇಶ, ಯಶೋದ, ರೂಪ ಮೂವರೂ ಕಾಲೇಜಿನ ಗೇಟಿನಲ್ಲಿ ಕಾಣಿಸಿಕೊಂಡರು. ಆಫೀಸಿನವರು ಅರ್ಜಿ ಮುಂದಿಟ್ಟರೆ ಮಾದೇಶ, "ಸೈನು ಆಮೇಲ. ಮೊದ್ಲು ಐಕ್ಳು ಉಣ್ಣೋ ಜಾಗ ತೋರ್ಸಿ ಸಾ," ಎಂದ. ಎರಡನೆಯ ವರ್ಷದ ಮಕ್ಕಳ ಊಟದ ಹೊತ್ತು. ಅವನು ಊಟದ ಕೋಣೆಯ ಬಾಗಿಲಿಗೆ ಒರಗಿ ನಿಂತು ಬಹಳ ಹೊತ್ತು ನೋಡಿದ. ತಟ್ಟೆಗಳು ಒಂದೇ ರಾಶಿಯಿಂದ ಹೋಗುತ್ತಿದ್ದವು, ತೊಳೆದ ಮೇಲೆ ಅದೇ ರಾಶಿಗೆ ಬೀಳುತ್ತಿದ್ದವು. ಬಡಿಸುವ ಸರದಿ ಯಾರದೆಂದು ಗೋಡೆಯ ಹಲಗೆಯಲ್ಲಿ ಬರೆದಿತ್ತು. ಅವನು ಒಬ್ಬ ಹುಡುಗಿಯನ್ನು ಕರೆದು ಯಾವೂರು, ಯಾರ ಮಗಳು, ಪಕ್ಕದಲ್ಲಿ ಕೂತವಳು ಯಾವೂರು ಎಂದೆಲ್ಲ ವಿಚಾರಿಸಿದ. ಇನ್ನೊಬ್ಬಳನ್ನು ಕೇಳಿದ. ಅಡುಗೆಯ ಚಾಮುಂಡಮ್ಮನ ಹತ್ತಿರ ಹೋಗಿ ಸಾರಿಗೆ ಏನು ಹಾಕಿದ್ದೀರಿ ಎಂದು ಕೇಳಿ ಅವಳಿಂದ, "ಏನಪ್ಪ, ತನಿಖೆಗೆ ಬಂದಿದೀಯಾ? ತಟ್ಟೆ ತಕಂಡು ಕೂತ್ಕ, ಗೊತ್ತಾಯ್ತದೆ," ಎಂದು ಅನ್ನಿಸಿಕೊಂಡ. ಕೊನೆಗೆ ಮೂವರೂ ಮಕ್ಕಳ ಸಾಲಿನಲ್ಲೇ ಕೂತು ಉಂಡರು. ಆಮೇಲೆ ಮಾದೇಶ ಆಫೀಸಿಗೆ ಬಂದು, ಎಲ್ಲಿ ಎಂದು ಕೇಳಿ, ಸಹಿ ಹಾಕಿದ.

ಶಿವರಂಜನಿಯ ಕಡೆ ಒಮ್ಮೆ ನೋಡಿದ, ಅಷ್ಟೆ. ಯಶೋದ ಮಾತ್ರ ಹತ್ತಿರ ಬಂದು, "ಮುಂಗೋಪದ ಜನ ಮಿಸ್ಸು ನಮ್ಮೋರು. ಕೂಸಿನ ಮೇಲೆ ತೀರಿಸ್ಕಬ್ಯಾಡಿ," ಎಂದಳು.

"ಅಯ್ಯೋ, ಎಂಥಾ ಮಾತು," ಎಂದಳು ಶಿವರಂಜನಿ. ಆ ಹೆದರಿಕೆ ಯಶೋದಳ ಮನಸ್ಸಿನಿಂದ ಸದ್ಯಕ್ಕೆ ಹೋಗುವುದಿಲ್ಲ ಎಂದೂ ಅವಳಿಗೆ ಕಂಡಿತು.

ಸಂಜೆ ಪ್ರಾಂಶುಪಾಲರು ಕರೆಸಿದರು. "ನೀವೇ ಹೋಗಿದ್ರಾ?"

"ಹೌದು ಸರ್. ಕಾಯುವ ಪಟ್ಟಿಯಲ್ಲಿ ಯಾರಿದ್ದಾರೆ ಅಂತಾನೂ ಹೇಳಿದೆ."

ಅವರು ಪೆನ್ನು ಕೈಗೆತ್ತಿಕೊಂಡರು. "ಮುಂದಿನ ಎರಡು ವರ್ಷ ನೀವು ಆಯ್ಕೆ ಸಮಿತಿಯಲ್ಲಿ ಇರಲ್ಲ. ಟ್ರಸ್ಟಿಗೆ ಕಾರಣ ಬರೀಬೇಕು, ಬರೀತೀನಿ. ಹುಡುಗಿಯ ಆಯ್ಕೆಗೆ ಇದರಿಂದ ತೊಂದರೆ ಇಲ್ಲ. ಅದು ನೀವು ಹೋಗೋಕೆ ಮುಂಚೆನೇ ಆಗಿರೋದು."

"ಸರಿ ಸರ್. ನೀರಿನ ನಿಯಮನ ಅರ್ಜಿಯಲ್ಲೇ ಅಚ್ಚು ಹಾಕಿಸಿದ್ರೆ..."

"ರಂಗರಾಜು ಬೆಳಿಗ್ಗೆನೇ ಹೇಳಿಹೋದ್ರು. ಹಾಕಿಸ್ತೀನಿ. ಆದ್ರೂ ಜನ ಬೇಜಾರಾಗೇ ಆಗ್ತಾರೆ."

ಅವಳು ಹೊರಗೆ ಬರುವಷ್ಟರಲ್ಲಿ ಮೊಬೈಲು ಬಡಿದುಕೊಳ್ಳುತ್ತಿತ್ತು. ಹೊನ್ನೂರಿನಿಂದ ಸೋದರತ್ತೆ ದೊಡ್ಡಬಸಮ್ಮ.

"ರಂಜನೀ, ಏನಾಯ್ತವ್ವ? ಶಾಂತಮೂರ್ತಿ ಬೆಳಗ್ಗೆನೇ ಟ್ರಂಕು ತಂದುಬುಟ್ಟವ್ನೆ. ನಾಳೆ ಯಾವಾಗ ಬರ್ಬೇಕಂತೆ?"

"ಸೀಟು ತುಂಬಿಹೋಯ್ತು ಅತ್ತೆ."

"ತುಂಬೋಯ್ತಾ? ಆ ಕಾಡ್ ಕಡೆ ಕೂಸು ಬ್ಯಾಡ ಅಂತು ಅಂದ್ರಲ್ಲ ಜನ?"

"ಇವತ್ತು ಬಂತು."

"ತಾನಾಗೇ ಬಂತಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಒಂದಿಷ್ಟು ಹೊತ್ತು ಕೊರಗಿ, ಹಣೇಲಿ ಬರೆದಿರಲಿಲ್ಲ ಎಂದು ಫೋನು ಇಡುತ್ತಿದ್ದಳು. ದೀಪಾವಳಿಗೆ ಎಂದಿನಂತೆ ಕರೆಯುತ್ತಿದ್ದಳು.

"ಇಲ್ಲ ಅತ್ತೆ. ನಾನೇ ಹೋಗಿ ಕರೆದು ಬಂದೆ."

ಆ ಕಡೆ ಟಿವಿ ಸದ್ದು ಕೇಳಿಸುತ್ತಿತ್ತು. ಯಾರೋ ಅದನ್ನು ಆರಿಸಿದರು.

"ನೀನು ಓಗಿದ್ದು."

"ಹೂಂ."

"ಆ ಕೂಸು ಬರ್ದಿದ್ರೆ ಸೀಟು ನಮ್ ಕೂಸಿನ್ದೇ ಅಂತ ಗೊತ್ತಿದ್ದೂ."

"ಗೊತ್ತಿದ್ದೂ ಅತ್ತೆ. ಆ ಮಗು ಬರದೇ ಇದ್ದಿದ್ದು ನಾನು ಮಾಡಿದ ತಪ್ಪಿಂದ."

"ಅದೆಲ್ಲಾ ನಂಗೆ ತಿಳಿಯಾಕಿಲ್ಲ ಕಣವ್ವ," ಎಂದಳು ದೊಡ್ಡಬಸಮ್ಮ. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. "ಶಾಂತಮೂರ್ತಿಗೆ ನೀನೇ ಏಳು. ನನ್ ಕೈಲಾಗಕ್ಕಿಲ್ಲ. ಇಲ್ಲೇ ಅವ್ನೆ." ಫೋನು ಕೈ ಬದಲಾಯಿಸಿದ ಸದ್ದು.

"ಏಳು ರಂಜನಿ," ಎಂದ ಶಾಂತಮೂರ್ತಿ.

ಶಿವರಂಜನಿ ಕಾರಿಡಾರಿನ ಕಟ್ಟೆಯ ಮೇಲೆ ಕೂತು, ಮುಳ್ಳೂರಿನಿಂದ ಹಿಡಿದು ಹೇಳತೊಡಗಿದಳು.